ಎರಡನೆಯ ಡೋಸ್‌ನ ದಿನ ನೆನಪಿಸುವವರು ಯಾರು?

ನವೆಂಬರ್ ಕಳೆಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಹಗಲು ಮನೆಯಲ್ಲಿ ಇರುವವರು ಕಡಿಮೆ. ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು. ತೋಟದ ಕೂಲಿಗೆ, ಸೌದೆಗೆ, ದನ ಹುಡುಕುವುದಕ್ಕೆ ಎಂದು ಎಲ್ಲರೂ ಕಾಡಿನ ಅಂಚಿನಲ್ಲೇ ಓಡಾಡುತ್ತಾರೆ. ಅದೇ ತಿಂಗಳುಗಳಲ್ಲಿ ಉಣುಗಿನ ಮರಿಗಳೂ ಒಣ ಎಲೆಗಳ ನಡುವೆ ಹೆಚ್ಚುತ್ತವೆ. ಡಿಸೆಂಬರ್‌ನಿಂದ ಮೇ ತನಕದ ಈ ಅವಧಿಯನ್ನು ನಮ್ಮ ಜನ ಮಂಗನ ಕಾಯಿಲೆಯ ಕಾಲ ಎನ್ನುತ್ತಾರೆ. 2024ರ ಹಂಗಾಮಿನಲ್ಲಿ ನಮ್ಮ ಈ ಭಾಗದಲ್ಲೂ ಪ್ರಕರಣಗಳು ದಾಖಲಾದವು, ಸಾವೂ ಸಂಭವಿಸಿತು.

ಮಂಗನ ಕಾಯಿಲೆಯ ಲಕ್ಷಣಗಳ ಬಗ್ಗೆ ಈ ಹಿಂದೆ ಬಹಳಷ್ಟು ಜನ ಬರೆದಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಆ ಕಾಯಿಲೆ ನಮಗೆ ಕಲಿಸಿದ ಬೇರೊಂದು ಪಾಠವನ್ನು. ಔಷಧವಿದ್ದರೂ, ಅದನ್ನು ಕೊಡುವ ಮನಸ್ಸಿದ್ದರೂ, ಮುಂದಿನ ಹೆಜ್ಜೆ ಯಾರದ್ದು ಎಂದು ಗೊತ್ತುಮಾಡದಿದ್ದರೆ ಅರ್ಧ ಫಲ ಕೈತಪ್ಪುತ್ತದೆ. ದೊಡ್ಡ ಕಂಪೆನಿಗಳಲ್ಲಿ ಇದನ್ನು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಕೆಲಸವನ್ನು ಮೊದಲೇ ಯೋಜಿಸಿ, ಹಂಚಿ, ಕೊನೆಯವರೆಗೆ ನಿಭಾಯಿಸುವ ಕಲೆ ಅದು. ಸೇತುವೆ ಕಟ್ಟುವವರಿಗೆ ಎಷ್ಟು ಬೇಕೋ ಫಾರ್ಮಸಿಸ್ಟ್, ನರ್ಸ್, ವೈದ್ಯ, ಆಶಾ ಕಾರ್ಯಕರ್ತೆ ಇವರಿಗೂ ಅಷ್ಟೇ ಬೇಕು.

ಒಂದು ಲಸಿಕೆಯ ಲೆಕ್ಕ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಕಾಣಿಸಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾರಣವಾದ ವೈರಸ್ ಅನ್ನು ಗುರುತಿಸಿದರು. ಅಂದಿನಿಂದ ಈ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಲೋಕದೆಲ್ಲೆಡೆ ನಿಂತುಹೋಯಿತು.

1990ರಿಂದ ಕರ್ನಾಟಕದಲ್ಲಿ ಇದಕ್ಕೆ ಲಸಿಕೆ ಬಳಕೆಯಲ್ಲಿತ್ತು. ರೋಗ ಕಂಡ ಜಾಗದ ಸುತ್ತ 5 ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಲ್ಲಿ ಇದನ್ನು ಕೊಡುತ್ತಿದ್ದರು. ಮೊದಲ ಡೋಸ್, ಒಂದು ತಿಂಗಳ ಬಳಿಕ ಎರಡನೆಯದು, 6ರಿಂದ 9 ತಿಂಗಳೊಳಗೆ ಬೂಸ್ಟರ್, ಆಮೇಲೆ 5 ವರ್ಷಗಳ ತನಕ ವರ್ಷಕ್ಕೊಂದು. ಅಂದರೆ ಈ ಲಸಿಕೆ ಒಂದು ದಿನದ ಚುಚ್ಚುಮದ್ದಾಗಿರಲಿಲ್ಲ, ಹಲವು ವರ್ಷಗಳ ಕ್ಯಾಲೆಂಡರ್ ಆಗಿತ್ತು.

2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9 ಎಂದು ಅದು ಲೆಕ್ಕ ಹಾಕಿತು. ಒಂದೇ ಡೋಸ್ ಪಡೆದು ಬಿಟ್ಟವರಿಗೆ ಹೇಳಿಕೊಳ್ಳುವಂಥ ರಕ್ಷಣೆ ಕಂಡುಬರಲಿಲ್ಲ. ಜೊತೆಗೆ, ಲಸಿಕೆ ಪಡೆಯಬೇಕಾಗಿದ್ದ ಹಳ್ಳಿಗಳಲ್ಲಿ ಅದನ್ನು ಪೂರ್ತಿಗೊಳಿಸಿದವರ ಸಂಖ್ಯೆಯೂ ಕಡಿಮೆಯೇ ಇತ್ತು.

ಜನ ಯಾಕೆ ಬಿಟ್ಟರು? ಚುಚ್ಚಿದ ಜಾಗ ನೋಯುತ್ತದೆ, ಮರುದಿನ ಕೂಲಿ ತಪ್ಪುತ್ತದೆ. ಬೂಸ್ಟರ್ ಬರುವ ಹೊತ್ತಿಗೆ ರೋಗದ ಭಯ ಮರೆತಿರುತ್ತದೆ. ಲೈನ್ ಮನೆಯಲ್ಲಿದ್ದ ಕುಟುಂಬ ಬೇರೆ ತೋಟಕ್ಕೆ ಹೋಗಿರುತ್ತದೆ. ಇವು ಯಾವುವೂ ಔಷಧ ವಿಜ್ಞಾನದ ಸಮಸ್ಯೆಗಳಲ್ಲ. ಹೆಸರು ಬರೆದುಕೊಳ್ಳುವುದು, ದಿನಾಂಕ ಗುರುತಿಸುವುದು, ಹೋಗಿ ನೆನಪಿಸುವುದು, ಬಾರದವರನ್ನು ಹುಡುಕುವುದು, ಇವು ನಿರ್ವಹಣೆಯ ಕೆಲಸಗಳು.

ಆ ಲಸಿಕೆಗೆ ಅದರದೇ ಮಿತಿಗಳಿದ್ದವು. ಗುಣಮಟ್ಟದ ಪ್ರಶ್ನೆ ಎದ್ದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಒಟ್ಟಾಗಿ ಕೆಲಸ ನಡೆಸಿವೆ. ಅದು ನಮ್ಮ ಹಳ್ಳಿಗೆ ಬರುವ ದಿನ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ: ಎರಡನೆಯ ಡೋಸ್‌ನ ದಿನ ನೆನಪಿಸುವವರು ಯಾರು?

ನಮಗೆ ಗೊತ್ತಿರುವ ವಿದ್ಯೆಯೇ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದರೆ ಕಂಪ್ಯೂಟರ್, ಚಾರ್ಟ್, ಇಂಗ್ಲಿಷ್ ಮಾತು ಎಂದು ಹೆದರಬೇಕಾಗಿಲ್ಲ. ಮನೆಯಲ್ಲಿ ಒಂದು ನಿಕಾಹ್ ನಡೆಸಿದವರಿಗೆಲ್ಲ ಇದು ಗೊತ್ತಿದೆ. ಎಷ್ಟು ಜನ ಬರುತ್ತಾರೆ, ಅಕ್ಕಿ ಎಷ್ಟು, ಮಾಂಸ ಎಷ್ಟು, ಪಾತ್ರೆ ಎಲ್ಲಿಂದ, ಬಿರಿಯಾನಿಯ ದಮ್ ಎಷ್ಟು ಗಂಟೆಗೆ ಹಾಕಬೇಕು, ಮಳೆ ಬಂದರೆ ಶಾಮಿಯಾನ ಎಲ್ಲಿ ಎಂದು ಎಲ್ಲವನ್ನೂ ಮೊದಲೇ ಬರೆದಿಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚುತ್ತೇವೆ. ಒಂದು ದಿನದ ಊಟಕ್ಕೆ ಇಷ್ಟು ಮಾಡುವ ನಾವು, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಯಾವಾಗ ಮುಗಿಯುತ್ತದೆ ಎಂದು ಬರೆದಿಡುವುದಿಲ್ಲ.

ಯುನಾನಿ ಪದ್ಧತಿಯಲ್ಲೂ ಈ ಶಿಸ್ತು ಹಳೆಯದು. ದೇಹದಲ್ಲಿ ಸೇರಿಕೊಂಡ ಕೆಟ್ಟ ಖಿಲ್ತ್ ಅನ್ನು ಹೊರಹಾಕಬೇಕಾದಾಗ ಹಕೀಮರು ನೇರವಾಗಿ ಭೇದಿಗೆ ಕೊಡುವುದಿಲ್ಲ. ಮೊದಲು ಮುಂಝಿಜ್ ಕೊಟ್ಟು ಅದನ್ನು ಹದಕ್ಕೆ ತರುತ್ತಾರೆ. ಹದಕ್ಕೆ ಬಂದಿದೆಯೇ ಎಂದು ಪರೀಕ್ಷಿಸಿ ಆಮೇಲೆ ಮುಸ್‌ಹಿಲ್. ಅದಾದ ಮೇಲೆ ದೇಹವನ್ನು ತಂಪು ಮಾಡುವ ತಬ್ರೀದ್. ಕ್ರಮ ತಪ್ಪಿದರೆ ಔಷಧ ಒಳ್ಳೆಯದಾಗಿದ್ದರೂ ಪ್ರಯೋಜನವಿಲ್ಲ. ಯಾವುದು ಮೊದಲು, ಯಾವುದು ನಂತರ, ಮುಂದಿನ ಹಂತಕ್ಕೆ ಹೋಗಬಹುದೆಂದು ಹೇಗೆ ತಿಳಿಯುವುದು ಎಂಬ ಮೂರು ಪ್ರಶ್ನೆಗಳೇ ಇಂದಿನ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲೂ ಇರುವುದು.

ಯಾವುದೇ ಆರೋಗ್ಯ ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲು ಐದು ಸಾಲು ಬರೆದರೆ ಸಾಕು. ಏನಾಗಬೇಕು? ಅದನ್ನು ಮಾಡುವವರು ಯಾರು? ಯಾವ ತಾರೀಖಿನೊಳಗೆ? ಕೈಕೊಡಬಹುದಾದದ್ದು ಏನು, ಆಗ ಏನು ಮಾಡುವುದು? ಕೆಲಸ ಮುಗಿದಿದೆ ಎಂದು ಹೇಗೆ ಗೊತ್ತಾಗುತ್ತದೆ? ನೋಟ್‌ಪುಸ್ತಕದ ಒಂದು ಪುಟ ಇದಕ್ಕೆ ಧಾರಾಳವಾಯಿತು.

ಬಾಗಿಲ ಮೇಲಿನ ಗುರುತು

ಇದರ ಬಲ ಎಷ್ಟೆಂದು ತಿಳಿಯಲು ಪೋಲಿಯೊ ಕಾರ್ಯಕ್ರಮವನ್ನು ನೆನೆಯಿರಿ. ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾಯಿತು. ಬೂತ್‌ನಲ್ಲಿ ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಮರುದಿನದಿಂದ ಮನೆಮನೆಗೆ ಭೇಟಿ. ಎಲ್ಲ ಮಕ್ಕಳಿಗೂ ಹನಿ ಸಿಕ್ಕಿದ್ದರೆ ಗೋಡೆಯ ಮೇಲೆ 'ಪಿ', ಮಗು ಊರಲ್ಲಿಲ್ಲ ಅಥವಾ ಮನೆಗೆ ಬೀಗ ಎಂದಾದರೆ 'ಎಕ್ಸ್'. ಎಕ್ಸ್ ಇರುವ ಮನೆಗೆ ಮತ್ತೆ ಹೋಗಲೇಬೇಕು. ಯಾವ ತಂಡ ಯಾವ ದಿನ ಯಾವ ಕೇರಿಗೆ ಎಂಬುದು ಮೊದಲೇ ಕಾಗದದಲ್ಲಿ ಇರುತ್ತಿತ್ತು. ಉತ್ತರ ಪ್ರದೇಶದಲ್ಲಿ ಸಂಶಯದಿಂದ ಬಾಗಿಲು ಮುಚ್ಚಿದ್ದ ಮುಸ್ಲಿಮ್ ಮೊಹಲ್ಲಾಗಳಲ್ಲಿ ಇಮಾಮರೂ ಶಿಕ್ಷಕರೂ ಜೊತೆಗೆ ನಿಂತರು.

ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂದು ಘೋಷಿತವಾಯಿತು. ಹನಿ ಎಷ್ಟು ಮುಖ್ಯವೋ ಬಾಗಿಲ ಮೇಲಿನ ಸೀಮೆಸುಣ್ಣದ ಗುರುತೂ ಅಷ್ಟೇ ಮುಖ್ಯವಾಗಿತ್ತು.

ಇನ್ನೊಂದು ಉದಾಹರಣೆ ಆಪರೇಷನ್ ಥಿಯೇಟರಿನದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿಯನ್ನು ಹೊರತಂದಿತು. ರೋಗಿ ಇವರೇ ತಾನೆ, ಯಾವ ಬದಿಗೆ ಶಸ್ತ್ರಕ್ರಿಯೆ, ಯಾವುದಾದರೂ ಔಷಧಕ್ಕೆ ಅಲರ್ಜಿ ಇದೆಯೇ, ಹತ್ತಿ ಮತ್ತು ಸಲಕರಣೆಗಳ ಎಣಿಕೆ ಸರಿಯಿದೆಯೇ, ಹೀಗೆ. ಇವನ್ನು ಗಟ್ಟಿಯಾಗಿ ಓದಿ ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಶಸ್ತ್ರಕ್ರಿಯೆಯ ನಂತರದ ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಒಂದು ಹಾಳೆ ಕಾಗದ ಮತ್ತು ಅದನ್ನು ಓದುವ ಜವಾಬ್ದಾರಿ ಹೊತ್ತ ಒಬ್ಬರು ಇದ್ದರು, ಅಷ್ಟೆ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ

ನಮ್ಮ ಮೂರು ತಾಲೂಕುಗಳಲ್ಲಿ ಹೆಚ್ಚಿನ ಕುಟುಂಬಗಳು ತಿಂಗಳಿಗೊಮ್ಮೆಯಾದರೂ ಕಾಣುವ ಆರೋಗ್ಯ ವೃತ್ತಿಯವರೆಂದರೆ ಫಾರ್ಮಸಿಸ್ಟ್. ದೊಡ್ಡ ಆಸ್ಪತ್ರೆ ಬೇಕೆಂದರೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕಾದ ಊರುಗಳಿವು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ, ವಿದ್ಯುತ್ ಕೈಕೊಟ್ಟರೆ, ಪೇಟೆಯ ಮೆಡಿಕಲ್ ಶಾಪಿನಲ್ಲಿ ಇರುವ ಔಷಧವೇ ಗತಿ.

ಹೀಗಿರುವಾಗ ಫಾರ್ಮಸಿಸ್ಟ್ ಮೇ ತಿಂಗಳಲ್ಲೇ ಕುಳಿತು ಬರೆಯಬೇಕಾದ ಪಟ್ಟಿಯೊಂದಿದೆ. ಇಲ್ಲದಿದ್ದರೆ ಜೀವಕ್ಕೇ ಅಪಾಯವಾಗುವ ಔಷಧಗಳು ಯಾವುವು? ಇನ್ಸುಲಿನ್, ಅಪಸ್ಮಾರದ ಮಾತ್ರೆ, ಉಬ್ಬಸದ ಇನ್‌ಹೇಲರ್, ಹೃದ್ರೋಗದ ಮಾತ್ರೆ ಇಂಥವು. ಬೇಕು, ಆದರೆ ಎರಡು ದಿನ ಕಾಯಬಹುದಾದವು ಯಾವುವು? ಇಲ್ಲದಿದ್ದರೂ ನಡೆಯುವ ಟಾನಿಕ್‌ಗಳು ಯಾವುವು? ಮೊದಲ ಗುಂಪಿನದು ಎಂದಿಗೂ ಖಾಲಿಯಾಗಬಾರದು. ಯಾವುದರ ಅವಧಿ ಬೇಗ ಮುಗಿಯುತ್ತದೆಯೋ ಅದು ಶೆಲ್ಫಿನಲ್ಲಿ ಮುಂದೆ ಇರಬೇಕು, ಮೊದಲು ಹೋಗಬೇಕು. ಫ್ರಿಜ್ಜಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇದೆಯೇ ಎಂದು ದಿನಕ್ಕೆರಡು ಸಲ ನೋಡಿ ಬರೆಯಬೇಕು. ಕರೆಂಟ್ ಹೋದಾಗ ಐಸ್ ಬಾಕ್ಸ್ ಎಲ್ಲಿದೆ, ಜನರೇಟರ್ ಇರುವ ಅಂಗಡಿ ಯಾವುದು ಎಂದು ಮೊದಲೇ ಮಾತಾಡಿಟ್ಟಿರಬೇಕು.

ತಿಂಗಳ ಔಷಧ ಒಯ್ಯುವವರಿಗಾಗಿ ಒಂದು ರಿಜಿಸ್ಟರ್ ಇಟ್ಟರೆ ಇನ್ನೂ ಒಳ್ಳೆಯದು. ಹೆಸರು, ಮೊಬೈಲ್ ನಂಬರ್, ಔಷಧ ಮುಗಿಯುವ ದಿನ. ಆ ದಿನಕ್ಕೆ ಬಾರದಿದ್ದರೆ ಒಂದು ಫೋನ್. ಬಿಪಿ ಮಾತ್ರೆಯನ್ನು 'ಈಗ ಆರಾಮ ಇದೆ' ಎಂದು ನಿಲ್ಲಿಸಿ ಲಕ್ವ ಹೊಡೆಸಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಒಂದು ಫೋನಿಗೆ ಅದನ್ನು ತಪ್ಪಿಸುವ ಶಕ್ತಿ ಇರುತ್ತದೆ. ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದು ಫಾರ್ಮಸಿಸ್ಟ್‌ನ ಕರ್ತವ್ಯವೆಂದು ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು 2015ರಿಂದಲೇ ಹೇಳುತ್ತಿವೆ. ಆದ್ದರಿಂದ ಗ್ರಾಹಕರಾಗಿ ನಾವು ಕೌಂಟರಿನಲ್ಲಿ ಪ್ರಶ್ನೆ ಕೇಳಲು ಸಂಕೋಚ ಪಡಬೇಕಾಗಿಲ್ಲ.

ರಮಝಾನಿನ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆ ಇರುವವರು ಉಪವಾಸದ ಬಗ್ಗೆ ವೈದ್ಯರನ್ನು ಕೇಳಲು ಚಂದ್ರದರ್ಶನದ ಹಿಂದಿನ ದಿನ ಬರುತ್ತಾರೆ. ಆರರಿಂದ ಎಂಟು ವಾರ ಮೊದಲೇ ಬರಬೇಕೆಂಬುದು ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿ. ರಕ್ತ ಪರೀಕ್ಷೆ, ಮಾತ್ರೆಯ ಸಮಯದ ಬದಲಾವಣೆ, ಇನ್ಸುಲಿನ್ ಪ್ರಮಾಣದ ಹೊಂದಾಣಿಕೆ ಇವಕ್ಕೆಲ್ಲ ಸಮಯ ಬೇಕು. ಶಅಬಾನಿಗೂ ಮೊದಲೇ ಫಾರ್ಮಸಿಸ್ಟ್ ತನ್ನ ರಿಜಿಸ್ಟರ್ ತೆರೆದು 'ಡಾಕ್ಟರನ್ನು ಕಂಡಿರಾ?' ಎಂದು ಕೇಳಿದರೆ ಅದೂ ಒಂದು ಖಿದ್ಮತ್.

ನಮ್ಮ ಮಕ್ಕಳಲ್ಲಿ ಹಲವರು ಈಗ ಡಿ.ಫಾರ್ಮ್, ಬಿ.ಫಾರ್ಮ್, ನರ್ಸಿಂಗ್ ಓದುತ್ತಿದ್ದಾರೆ. ಅಂಕದ ಜೊತೆಗೆ ಅವರು ಸ್ಟಾಕ್ ಲೆಕ್ಕ ಇಡಲು, ತಂಡದಲ್ಲಿ ಕೆಲಸ ಹಂಚಲು, ಸಭೆಯಲ್ಲಿ ಆದ ತೀರ್ಮಾನವನ್ನು ನಾಲ್ಕು ಸಾಲಿನಲ್ಲಿ ಬರೆದು ಎಲ್ಲರಿಗೂ ಕಳಿಸಲು ಕಲಿಯಲಿ. ತರಬೇತಿಗಾಗಿ ದೂರ ಹೋಗಬೇಕಾಗಿಲ್ಲ. ಊರಿನ ಒಂದು ಆರೋಗ್ಯ ಶಿಬಿರವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದರೆ ಅದೇ ಅವರ ತರಬೇತಿ.

ಶಿಬಿರದ ಮರುದಿನ

ಜಮಾಅತ್, ಯುವಕರ ಸಂಘಗಳು ಆರೋಗ್ಯ ಶಿಬಿರ ನಡೆಸುವುದು ಸಂತೋಷದ ಸಂಗತಿ. ಬ್ಯಾನರ್, ಅತಿಥಿಗಳು, ನೂರಾರು ಜನರ ಬಿಪಿ-ಶುಗರ್ ಪರೀಕ್ಷೆ, ಒಂದು ವಾರದ ಉಚಿತ ಮಾತ್ರೆ. ಎಂಟನೆಯ ದಿನ ಏನು? ಶುಗರ್ ಹೆಚ್ಚಿದೆ ಎಂದು ಅಂದು ಮೊದಲ ಬಾರಿ ತಿಳಿದ ತೋಟದ ಕೂಲಿಯಾಳು ಆಮೇಲೆ ಎಲ್ಲಿಗೆ ಹೋದ? ಇದಕ್ಕೆ ಉತ್ತರ ಯಾರ ಬಳಿಯೂ ಇಲ್ಲದಿದ್ದರೆ ಅಂದು ನಡೆದದ್ದು ಬರೀ ಪರೀಕ್ಷೆ.

ಮುಂದಿನ ಸಲ ಹೀಗೆ ಮಾಡಿ ನೋಡಿ. ಆರು ವಾರ ಮೊದಲೇ ಸೇರಿ ಗುರಿಯನ್ನು ಬರೆಯಿರಿ. 'ಐದುನೂರು ಜನರ ತಪಾಸಣೆ' ಎನ್ನುವುದರ ಬದಲು 'ಬಿಪಿ ಹೆಚ್ಚಿರುವವರು ಮೂರು ತಿಂಗಳ ಬಳಿಕವೂ ಮಾತ್ರೆ ತೆಗೆದುಕೊಳ್ಳುತ್ತಿರಬೇಕು' ಎಂದು ಬರೆಯಿರಿ. ಆಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಮೊದಲೇ ಕಂಡು ಅಲ್ಲಿ ಮಾತ್ರೆ ಲಭ್ಯವಿದೆಯೇ ಎಂದು ಕೇಳುತ್ತೀರಿ. ಕೊಯ್ಲಿನ ದಿನಗಳನ್ನೂ ಶುಕ್ರವಾರದ ಜುಮಾ ಹೊತ್ತನ್ನೂ ಬಿಟ್ಟು ದಿನಾಂಕ ಗೊತ್ತುಮಾಡುತ್ತೀರಿ. ಹೆಂಗಸರಿಗೆ ಬೇರೆ ಕೋಣೆ, ಹೆಣ್ಣು ಆರೋಗ್ಯ ಸಿಬ್ಬಂದಿ ಇರುವಂತೆ ನೋಡುತ್ತೀರಿ. ಒಬ್ಬರನ್ನು ನೋಂದಣಿಗೆ, ಒಬ್ಬರನ್ನು ಔಷಧದ ಲೆಕ್ಕಕ್ಕೆ, ಒಬ್ಬರನ್ನು ವಾಹನಕ್ಕೆ ಎಂದು ನೇಮಿಸುತ್ತೀರಿ. ಎಲ್ಲಕ್ಕಿಂತ ಮುಖ್ಯವಾಗಿ, ಶಿಬಿರದ ಮರುದಿನದಿಂದ ಫೋನ್ ಮಾಡುವ ಇಬ್ಬರನ್ನು ಶಿಬಿರಕ್ಕೆ ಮೊದಲೇ ನೇಮಿಸುತ್ತೀರಿ.

'ಎಲ್ಲರೂ ಸೇರಿ ಮಾಡೋಣ' ಎಂಬ ಮಾತು ಕೇಳಲು ಚೆನ್ನ. ಆದರೆ ಹೆಸರು ಬರೆಯದ ಕೆಲಸವನ್ನು ಎಲ್ಲರೂ ಮತ್ತೊಬ್ಬರು ಮಾಡುತ್ತಾರೆಂದು ಬಿಡುತ್ತಾರೆ. ಒಂದು ಕೆಲಸಕ್ಕೆ ಒಂದೇ ಹೆಸರು ಇರಲಿ. ನೆರವಿಗೆ ಹತ್ತು ಜನ ಇರಬಹುದು, ಉತ್ತರ ಹೇಳುವವರು ಒಬ್ಬರೇ. ಇನ್ನೊಂದು ಎಚ್ಚರಿಕೆ: ಶಿಬಿರದಲ್ಲಿ ಬರೆದುಕೊಂಡ ರೋಗದ ವಿವರ ಅಮಾನತ್. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದು ಓಡಾಡಬಾರದು. ಪುಸ್ತಕ ಒಬ್ಬರ ಕೈಯಲ್ಲಿ, ಬೀಗದೊಳಗೆ ಇರಲಿ.

ಈ ಹಂಗಾಮಿಗೆ ಮನೆಯ ಯೋಜನೆ

ಹೊಸ ಲಸಿಕೆ ಬರುವ ತನಕ ಮಂಗನ ಕಾಯಿಲೆಯಿಂದ ನಮ್ಮನ್ನು ಕಾಯುವುದು ಮುನ್ನೆಚ್ಚರಿಕೆ ಮಾತ್ರ. ಅದಕ್ಕೂ ಒಂದು ಪುಟದ ಯೋಜನೆ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿ.

ಆರೋಗ್ಯ ಇಲಾಖೆ ಉಚಿತವಾಗಿ ಕೊಡುವ ಡೀಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯಿಂದ ತರುವವರು ಯಾರು, ಬಾಟಲಿ ಅರ್ಧಕ್ಕೆ ಬಂದಾಗ ಮತ್ತೆ ಕೇಳುವವರು ಯಾರು ಎಂದು ಬರೆಯಿರಿ. ಮನೆಯಲ್ಲಿ ಎಣ್ಣೆ ಇದ್ದರೆ ಸಾಲದು, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಬೇಕು. ಹಾಗಾಗಿ ಬಾಟಲಿ ಕಪಾಟಿನೊಳಗೆ ಬೇಡ, ಬಾಗಿಲ ಬಳಿ ಕತ್ತಿ ಇಡುವ ಜಾಗದಲ್ಲಿರಲಿ. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ. ಮರಳಿದ ಕೂಡಲೇ ಸೋಪು ಹಾಕಿ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕೊಟ್ಟಿಗೆಗೆ ಕಾಡಿನ ದರಗು ತರುವುದನ್ನು ಈ ತಿಂಗಳುಗಳಲ್ಲಿ ನಿಲ್ಲಿಸಿ. ಸತ್ತ ಮಂಗ ಕಂಡರೆ ಮುಟ್ಟದೆ ಗ್ರಾಮ ಪಂಚಾಯತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಆ ಫೋನ್ ನಂಬರ್ ಕೂಡ ಅದೇ ಹಾಳೆಯಲ್ಲಿರಲಿ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ, ಈ ವೈರಸ್ಸನ್ನು ಕೊಲ್ಲುವ ಜೋಶಾಂದಾ ಇಲ್ಲ. ಅಲೋಪತಿಯಲ್ಲೂ ನೇರ ಔಷಧವಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ದೇಹದ ನೀರಿನಂಶ, ರಕ್ತಸ್ರಾವ ಇವನ್ನು ನೋಡಿಕೊಂಡು ಜೀವ ಉಳಿಸಬಹುದು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದನ್ನು ಮರೆಯಬಾರದು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸುವ ಭಯವಿದೆ, ನೀವಾಗಿ ನುಂಗಬೇಡಿ. ಮೆಡಿಕಲ್ ಶಾಪಿನವರೂ ಈ ಕಾಲದಲ್ಲಿ ಜ್ವರಕ್ಕೆ ಮಾತ್ರೆ ಕೇಳಿ ಬಂದವರನ್ನು 'ಕಾಡಿಗೆ ಹೋಗಿದ್ದಿರಾ?' ಎಂದು ಒಂದು ಮಾತು ಕೇಳಿ ಆಸ್ಪತ್ರೆಗೆ ಕಳಿಸಬೇಕು. ರಕ್ತದ ಮಾದರಿಯನ್ನು ಶಿವಮೊಗ್ಗದ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆ ಇದೆ. ಜ್ವರ ಇಳಿದು ಎರಡು ವಾರದ ಬಳಿಕ ಕೆಲವರಿಗೆ ಮತ್ತೆ ಬರುತ್ತದೆ, ಆಗ ಮೆದುಳಿಗೂ ತಾಗಬಹುದು. ಆದ್ದರಿಂದ ಡಿಸ್ಚಾರ್ಜ್ ಆದ ದಿನವೇ ಮುಂದಿನ ತಪಾಸಣೆಯ ತಾರೀಖು ಕೇಳಿ ಬರೆದುಕೊಳ್ಳಿ. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯನ್ನೂ ಅವರ ಮನೆಯವರನ್ನೂ ದೂರ ಇಡಬೇಡಿ.

ಲೈನ್ ಮನೆಗಳಲ್ಲಿರುವ, ಹೊರರಾಜ್ಯಗಳಿಂದ ಕೊಯ್ಲಿಗೆ ಬಂದ ಕುಟುಂಬಗಳಿಗೆ ಕನ್ನಡದ ಕರಪತ್ರ ಓದಲು ಬಾರದು, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವರ ಹೆಸರೂ ಇರದಿರಬಹುದು. ತೋಟದ ಮಾಲೀಕರು, ಮೇಸ್ತ್ರಿಗಳು, ನೆರೆಯವರು ಆ ಹೆಸರುಗಳನ್ನು ಪಟ್ಟಿಗೆ ಸೇರಿಸಲಿ.

ಇನ್ನು ಮುಂದೆ ಆಸ್ಪತ್ರೆಯಿಂದಾಗಲಿ, ಮೆಡಿಕಲ್ ಶಾಪಿನಿಂದಾಗಲಿ, ಶಿಬಿರದಿಂದಾಗಲಿ ಹೊರಡುವ ಮೊದಲು ಎರಡು ಮಾತು ಕೇಳಿಯೇ ಹೊರಡಿ. ನಾನು ಮತ್ತೆ ಯಾವ ತಾರೀಖಿಗೆ ಬರಬೇಕು? ಅಷ್ಟರಲ್ಲಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ಆ ಚೀಟಿಯನ್ನು ಔಷಧದ ಜೊತೆಯಲ್ಲೇ ಇಡಿ.